ಹಳೆ ರೇಡಿಯೋದೊಳಗೆ ಕೋಟಿ ಬೆಲೆಯ ‘ಕೆಂಪು ಪಾದರಸ’ ಇದೆಯೇ? ಅಟ್ಟದ ಮೇಲಿನ ಪೆಟ್ಟಿಗೆಯ ನಿಜವಾದ ಬೆಲೆ ಏನು?

“ನಿಮ್ಮ ಮನೆಯಲ್ಲಿ ಹಳೆ ವಾಲ್ವ್ ರೇಡಿಯೋ, ಟೇಪ್ ರೆಕಾರ್ಡರ್, ಬಾಗಿಲಿರುವ ಹಳೆ ಟಿವಿ ಇದೆಯೇ? ಗುಜರಿಗೆ ಕೊಡಬೇಡಿ. ಅದರೊಳಗೆ ಕೆಂಪು ಪಾದರಸ ಇರುತ್ತದೆ. ವಿದೇಶದಲ್ಲಿ ಅದಕ್ಕೆ ಕೋಟಿ ಬೆಲೆ. ಕೂಡಲೇ ಸಂಪರ್ಕಿಸಿ.” ಇಂಥ ಅರ್ಥದ ಸಂದೇಶ ನಿಮ್ಮ ಫೋನಿಗೂ ಒಂದಲ್ಲ ಒಂದು ಸಲ ಬಂದಿರಬಹುದು. ಜೊತೆಗೆ ಒಂದು ವಿಡಿಯೋ: ಗಾಜಿನ ಚಿಕ್ಕ ಕೊಳವೆ, ಅದರಲ್ಲಿ ಕೆಂಪಗಿನ ದ್ರವ, ಪಕ್ಕದಲ್ಲಿ ಒಂದು ಬೆಳ್ಳುಳ್ಳಿ, ಒಂದು ಚಿನ್ನದ ಉಂಗುರ.

ಚುಟುಕಾಗಿ ಉತ್ತರ ಹೇಳಿಬಿಡುತ್ತೇವೆ. ಇದು ಸುಳ್ಳು. ಕೋಟಿ ಬೆಲೆಯ ಕೆಂಪು ಪಾದರಸ ಎಂಬ ವಸ್ತುವೇ ಇಲ್ಲ. ಹಳೆ ರೇಡಿಯೋದಲ್ಲಂತೂ ಇಲ್ಲವೇ ಇಲ್ಲ.

ಆದರೆ ಈ ಸಂದೇಶದಲ್ಲಿ ಒಂದು ಮಾತು ಮಾತ್ರ ಸರಿ: ಆ ಪೆಟ್ಟಿಗೆಯನ್ನು ಅವಸರದಲ್ಲಿ ಗುಜರಿಗೆ ಕೊಡಬೇಡಿ. ಅದಕ್ಕೆ ಕಾರಣ ಬೇರೆ. ಪುತ್ತೂರು, ಸುಳ್ಯ, ಕಡಬದ ಕಡೆಯ ಎಷ್ಟೋ ಹಳೆ ಮನೆಗಳ ಚಾವಡಿಯಲ್ಲಿ, ಅಟ್ಟದಲ್ಲಿ ಇಂಥ ರೇಡಿಯೋ, ಗ್ರಾಮಫೋನು, ಟೇಪ್ ರೆಕಾರ್ಡರ್‌ಗಳು ಈಗಲೂ ಇವೆ. ಅವುಗಳ ಪಕ್ಕದಲ್ಲಿ ಪ್ಲೇಟುಗಳ, ಕ್ಯಾಸೆಟ್‌ಗಳ ರಟ್ಟಿನ ಪೆಟ್ಟಿಗೆಯೂ ಇದೆ. ನಿಜವಾದ ಬೆಲೆ ಎಲ್ಲಿದೆ, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

‘ಕೆಂಪು ಪಾದರಸ’ ಎಂಬ ಕಥೆ ಎಲ್ಲಿಂದ ಬಂತು?

ಪಾದರಸ ಒಂದು ಮೂಲಧಾತು. ಅದು ಬೆಳ್ಳಿಯ ಬಣ್ಣದ ದ್ರವ ಲೋಹ. ಪಾದರಸದ ಕೆಲವು ಸಂಯುಕ್ತಗಳು ಕೆಂಪಾಗಿರುವುದು ನಿಜ. ಪಾದರಸ ಮತ್ತು ಗಂಧಕ ಸೇರಿದ ಇಂಗಳೀಕವನ್ನು ನಮ್ಮ ಹಿರಿಯರು ಬಣ್ಣಕ್ಕೂ ಔಷಧಕ್ಕೂ ಬಳಸಿದ್ದಾರೆ. ಆದರೆ ಅದು ಕೋಟಿ ಬೆಲೆಯ ವಸ್ತುವಲ್ಲ, ರೇಡಿಯೋದಲ್ಲಿ ಬಳಸುವ ವಸ್ತುವೂ ಅಲ್ಲ.

‘ಕೆಂಪು ಪಾದರಸ’ದ ಕಥೆ ಹಬ್ಬಿದ್ದು ಸೋವಿಯತ್ ಒಕ್ಕೂಟದ ಕೊನೆಯ ವರ್ಷಗಳಲ್ಲಿ. ಅದು ಅಣುಬಾಂಬಿಗೆ ಬೇಕಾದ ರಹಸ್ಯ ವಸ್ತು ಎಂದು ಕಳ್ಳಸಂತೆಯಲ್ಲಿ ಮಾರುವವರು ಹುಟ್ಟಿಕೊಂಡರು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅಂಥ ವಸ್ತುವೇ ಇಲ್ಲ ಎಂದು ಸ್ಪಷ್ಟಪಡಿಸಿದೆ. ಆದರೂ ಕಥೆ ಸಾಯಲಿಲ್ಲ, ವೇಷ ಬದಲಿಸಿತು.

2009ರಲ್ಲಿ ಸೌದಿ ಅರೇಬಿಯಾದಲ್ಲಿ ಒಂದು ವಿಚಿತ್ರ ನಡೆಯಿತು. ಹಳೆಯ ಸಿಂಗರ್ ಹೊಲಿಗೆ ಯಂತ್ರದ ಸೂಜಿಯಲ್ಲಿ ಕೆಂಪು ಪಾದರಸ ಇದೆ ಎಂಬ ಗಾಳಿಸುದ್ದಿ ಮೊಬೈಲ್ ಮತ್ತು ಅಂತರ್ಜಾಲದಲ್ಲಿ ಹಬ್ಬಿತು. ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಯಂತ್ರಗಳಿಗೆ ಜನ ವಿಪರೀತ ಬೆಲೆ ಕೇಳಿದರು, ಕೊಟ್ಟರು. ಕೊನೆಗೆ ಪೊಲೀಸರೇ ಇದು ಮೋಸ ಎಂದು ಹೇಳಬೇಕಾಯಿತು. ಅಲ್ಲಿ ಹೊಲಿಗೆ ಯಂತ್ರ, ಇಲ್ಲಿ ರೇಡಿಯೋ. ಕಥೆ ಅದೇ.

ಹಾಗಾದರೆ ವಾಲ್ವ್‌ನ ಒಳಗೆ ಹೊಳೆಯುವುದು ಏನು?

ಇದು ಒಳ್ಳೆಯ ಪ್ರಶ್ನೆ. ಏಕೆಂದರೆ ಹಳೆ ರೇಡಿಯೋದ ಹಿಂದಿನ ರಟ್ಟು ತೆಗೆದರೆ, ಗಾಜಿನ ವಾಲ್ವ್‌ಗಳ ನೆತ್ತಿಯ ಒಳಮೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೇಪ ಕಾಣಿಸುತ್ತದೆ. ಪಾದರಸ ಎಂದು ಯಾರಿಗಾದರೂ ಅನ್ನಿಸಬಹುದು.

ಅದು ಪಾದರಸವಲ್ಲ, ಹೆಚ್ಚಾಗಿ ಬೇರಿಯಂ ಎಂಬ ಲೋಹದ ತೆಳು ಪದರ. ವಾಲ್ವ್‌ನ ಒಳಗೆ ಗಾಳಿ ಇರಬಾರದು, ನಿರ್ವಾತ ಇರಬೇಕು. ತಯಾರಿಸುವಾಗ ಎಷ್ಟು ಗಾಳಿ ಎಳೆದರೂ ಒಂದಿಷ್ಟು ಅನಿಲ ಉಳಿಯುತ್ತದೆ. ಆ ಉಳಿಕೆಯನ್ನು ಹೀರಿಕೊಳ್ಳುವುದೇ ಈ ಬೇರಿಯಂ ಪದರದ ಕೆಲಸ. ವಾಲ್ವ್ ಬಿರುಕು ಬಿಟ್ಟು ಗಾಳಿ ಒಳಹೊಕ್ಕರೆ ಈ ಹೊಳಪು ಮಾಸಿ ಹಾಲಿನಂತೆ ಬೆಳ್ಳಗಾಗುತ್ತದೆ. ಅನುಭವಿ ಮೆಕ್ಯಾನಿಕ್ ಅದನ್ನು ನೋಡಿಯೇ ಈ ವಾಲ್ವ್ ಹೋಗಿದೆ ಎನ್ನುತ್ತಾನೆ.

ಉಳಿದ ಬಣ್ಣಗಳಿಗೂ ರಹಸ್ಯವಿಲ್ಲ. ವಾಲ್ವ್ ಒಳಗಿನ ಕೆಂಪು ಬೆಳಕು ಕಾದ ತಂತಿಯದು. ಕಾಯಿಲ್‌ಗಳ ಮೇಲಿನ ಕೆಂಪು ಚುಕ್ಕೆ, ಸ್ಕ್ರೂ ಅಲ್ಲಾಡದಂತೆ ಹಾಕಿದ ಮೇಣ ಅಥವಾ ಬಣ್ಣ. ಕೆಲವು ದೊಡ್ಡ ರೇಡಿಯೋಗಳಲ್ಲಿ ಹಸುರಾಗಿ ಬೆಳಗುವ ‘ಮ್ಯಾಜಿಕ್ ಐ’ ಸ್ಟೇಷನ್ ಸರಿಯಾಗಿ ಸಿಕ್ಕಿದೆ ಎಂದು ತೋರಿಸುವ ವಾಲ್ವ್.

ಬೆಳ್ಳುಳ್ಳಿ, ಚಿನ್ನ, ಕನ್ನಡಿ ಪರೀಕ್ಷೆ?

ಕೆಂಪು ಪಾದರಸ ಬೆಳ್ಳುಳ್ಳಿಯಿಂದ ದೂರ ಓಡುತ್ತದೆ, ಚಿನ್ನದ ಕಡೆ ಹೋಗುತ್ತದೆ, ಕನ್ನಡಿಯಲ್ಲಿ ಕಾಣಿಸುವುದಿಲ್ಲ ಎಂದು ವಿಡಿಯೋಗಳು ಹೇಳುತ್ತವೆ. ಇದರಲ್ಲಿ ಚಿಟಿಕೆಯಷ್ಟು ಸತ್ಯ ಬೆರೆಸಲಾಗಿದೆ. ಸಾಮಾನ್ಯ ಪಾದರಸ ಚಿನ್ನಕ್ಕೆ ತಾಗಿದರೆ ಅಂಟಿಕೊಂಡು ಅದನ್ನು ಬೆಳ್ಳಗೆ ಮಾಡುತ್ತದೆ. ಇದು ಅಕ್ಕಸಾಲಿಗರಿಗೆ ಗೊತ್ತು. ಆದರೆ ತಾಗಬೇಕು. ದೂರದಿಂದ ಓಡಿ ಬರುವುದಿಲ್ಲ.

ಬೆಳ್ಳುಳ್ಳಿ ಕಂಡು ಓಡುವ ಲೋಹ ಯಾವುದೂ ಇಲ್ಲ. ಮೇಜಿನ ಕೆಳಗೆ ಅಯಸ್ಕಾಂತ ಸರಿಸಿದರೆ ಕಬ್ಬಿಣದ ಚೂರು ಬೇಕಾದ ಕಡೆ ಓಡುತ್ತದೆ. ಇನ್ನು ಕನ್ನಡಿ: ಒಂದು ವಸ್ತು ನಿಮ್ಮ ಕಣ್ಣಿಗೆ ಕಾಣುತ್ತಿದೆ ಎಂದರೆ ಅದರಿಂದ ಬೆಳಕು ಹೊರಟಿದೆ. ಆ ಬೆಳಕು ಕನ್ನಡಿಗೂ ಬೀಳುತ್ತದೆ. ಪ್ರತಿಬಿಂಬ ಕಾಣದಂತೆ ಕ್ಯಾಮೆರಾವನ್ನು ಓರೆಯಾಗಿ ಹಿಡಿಯುವುದು ಯಾರಿಗೂ ಕಷ್ಟವಲ್ಲ.

ಮೋಸ ನಡೆಯುವುದು ಹೇಗೆ?

‘ರೈಸ್ ಪುಲ್ಲಿಂಗ್’ ಚೊಂಬಿನ ಕಥೆ ನೀವು ಕೇಳಿರಬಹುದು. ಅಕ್ಕಿಯನ್ನು ಸೆಳೆಯುವ ತಾಮ್ರದ ಪಾತ್ರೆಗೆ ಕೋಟಿ ಬೆಲೆ ಎಂದು ನಂಬಿಸಿ ಹಣ ಕೀಳುವ ಜಾಲ ಅದು. ಕರ್ನಾಟಕದಲ್ಲಿ ಅಂಥ ಪ್ರಕರಣಗಳು ಪೊಲೀಸ್ ಠಾಣೆ ಮೆಟ್ಟಿಲೇರಿವೆ. ಕೆಂಪು ಪಾದರಸದ್ದೂ ಅದೇ ದಾರಿ.

ಮೊದಲು ಫೋಟೋ ಕೇಳುತ್ತಾರೆ. ಆಮೇಲೆ “ನಿಮ್ಮದರಲ್ಲಿ ಮಾಲು ಇದೆ” ಎನ್ನುತ್ತಾರೆ. ನಂತರ ವಿಜ್ಞಾನಿ ಬಂದು ಪರೀಕ್ಷೆ ಮಾಡಬೇಕು, ಅದಕ್ಕೆ ಶುಲ್ಕ. ವಿದೇಶಿ ಕಂಪನಿಯ ಜೊತೆ ಕರಾರು, ಅದಕ್ಕೆ ಮುಂಗಡ. ಸರ್ಕಾರದ ಪರವಾನಗಿ, ಅದಕ್ಕೆ ಇನ್ನಷ್ಟು. ಹಣ ಯಾವಾಗಲೂ ಒಂದೇ ದಿಕ್ಕಿಗೆ ಹರಿಯುತ್ತದೆ: ನಿಮ್ಮಿಂದ ಅವರಿಗೆ. ಮಾರುವವನೇ ಕೊಳ್ಳುವವನಿಗೆ ಹಣ ಕೊಡುವ ವ್ಯಾಪಾರ ಯಾವ ಸಂತೆಯಲ್ಲಾದರೂ ಇದೆಯೇ?

ಹೀಗೆ ಹಣ ಕಳೆದುಕೊಂಡಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನೊಂದು ನಷ್ಟವೂ ಇದೆ. ಪಾದರಸ ಹುಡುಕಲೆಂದು ವಾಲ್ವ್ ಒಡೆದರೆ, ಚೆನ್ನಾಗಿದ್ದ ರೇಡಿಯೋ ಅಲ್ಲಿಗೆ ಮುಗಿಯಿತು. ಹಳೆ ಟಿವಿಯ ಪಿಕ್ಚರ್ ಟ್ಯೂಬ್ ಒಡೆಯುವುದು ಇನ್ನೂ ಅಪಾಯ. ಅದರೊಳಗೂ ನಿರ್ವಾತವೇ. ಒಡೆದರೆ ಗಾಜಿನ ಚೂರುಗಳು ಸಿಡಿದು ಕಣ್ಣಿಗೇ ಹೊಡೆಯಬಹುದು.

ನಿಜವಾದ ಬೆಲೆ ಎಲ್ಲಿದೆ?

ಒಂದು ಕ್ಷಣ ರೇಡಿಯೋ ಬಿಟ್ಟು ಅದರ ಪಕ್ಕದ ಕ್ಯಾಸೆಟ್ ಪೆಟ್ಟಿಗೆಗೆ ಬರೋಣ.

ನಮ್ಮ ಕಡೆ ತಾಳಮದ್ದಳೆಯ ರುಚಿ ಹತ್ತಿದವರಿಗೆ ಗೊತ್ತು, ಒಂದು ಕೂಟದಲ್ಲಿ ಆಡಿದ ಮಾತು ಇನ್ನೊಂದು ಕೂಟದಲ್ಲಿ ಬರುವುದಿಲ್ಲ. ಭಾಗವತರ ಪದ ಒಂದೇ ಇರಬಹುದು, ಅರ್ಥಧಾರಿಗಳ ಮಾತು ಅಲ್ಲೇ ಆ ಕ್ಷಣಕ್ಕೆ ಹುಟ್ಟಿದ್ದು. ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಲ್ಲ. ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಕಂಪನಿಗಳು ಹೊರತಂದ ಕ್ಯಾಸೆಟ್‌ಗಳ ಪ್ರತಿ ಎಲ್ಲಾದರೂ ಸಿಗುತ್ತದೆ. ಆದರೆ ಯಾರದೋ ಮನೆಯ ಪೂಜೆಯ ದಿನ, ಶಾಲೆಯ ಅಂಗಳದಲ್ಲಿ, ಮಳೆಗಾಲದ ಕೂಟದಲ್ಲಿ ಸಂಬಂಧಿಕರೊಬ್ಬರು ಟೇಪ್ ರೆಕಾರ್ಡರ್ ಮುಂದಿಟ್ಟು ಹಿಡಿದ ದನಿ? ಆ ಕ್ಯಾಸೆಟ್ ಇಡೀ ಜಗತ್ತಿನಲ್ಲಿ ಒಂದೇ ಇರಬಹುದು.

ಕೆಲವು ಕ್ಯಾಸೆಟ್‌ಗಳಲ್ಲಿ ಕಲಾವಿದರೂ ಇರುವುದಿಲ್ಲ. ಗಲ್ಫಿಗೆ ಹೋದ ಮಗನಿಗೆ ಕಳಿಸಲು ಅಜ್ಜಿ ಮಾತಾಡಿದ ಕ್ಯಾಸೆಟ್, ಮದುವೆ ಮನೆಯ ಶೋಭಾನೆ, ಮಗುವಿನ ತೊದಲು. ಹಳೆ ಟೇಪ್ ರೆಕಾರ್ಡರ್ ಎಂದರೆ ಈ ದನಿಗಳ ಬೀಗದ ಕೈ. ಅದನ್ನು ಕೆಂಪು ಪಾದರಸದ ಆಸೆಗೆ ಒಡೆದರೆ, ಗುಜರಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟರೆ, ಬೀಗ ಉಳಿಯುತ್ತದೆ, ಕೈ ಹೋಗುತ್ತದೆ.

“ಒಮ್ಮೆ ಸ್ವಿಚ್ ಹಾಕಿ ನೋಡೋಣ” – ಇದೇ ದೊಡ್ಡ ತಪ್ಪು

ಇಪ್ಪತ್ತು ವರ್ಷ ಮೂಲೆಯಲ್ಲಿದ್ದ ರೇಡಿಯೋ ಅಥವಾ ಆಂಪ್ಲಿಫೈಯರ್ ಕೆಳಗಿಳಿಸಿ, ಧೂಳು ಒರೆಸಿ, ಪ್ಲಗ್ ಚುಚ್ಚುವುದು ಎಲ್ಲರೂ ಮಾಡುವ ಮೊದಲ ಕೆಲಸ. ದಯವಿಟ್ಟು ಮಾಡಬೇಡಿ.

ಕಾರಣ ಕಂಡೆನ್ಸರ್. ಡಬ್ಬಿಯಾಕಾರದ ಎಲೆಕ್ಟ್ರೊಲೈಟಿಕ್ ಕಂಡೆನ್ಸರ್‌ಗಳ ಒಳಗೆ ಅಲ್ಯೂಮಿನಿಯಂ ಮೇಲೆ ಅತಿ ತೆಳುವಾದ ಆಕ್ಸೈಡ್ ಪದರ ಇರುತ್ತದೆ. ವಿದ್ಯುತ್ ಸೋರದಂತೆ ತಡೆಯುವುದು ಅದೇ. ವರ್ಷಗಟ್ಟಲೆ ಬಳಸದಿದ್ದರೆ ಆ ಪದರ ಸವೆಯುತ್ತದೆ, ಒಳಗಿನ ದ್ರವವೂ ಒಣಗುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಕಂಡೆನ್ಸರ್ ಶಾರ್ಟ್ ಆಗುತ್ತದೆ, ಬಿಸಿಯಾಗಿ ಸಿಡಿಯಬಹುದು. ಅದರ ಹಿಂದೆಯೇ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಕಂಡೆನ್ಸರ್ ಅಗ್ಗ, ಸುಲಭವಾಗಿ ಸಿಗುತ್ತದೆ. ಹಳೆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ಮೆಕ್ಯಾನಿಕ್‌ಗಳು ಇದಕ್ಕೆ ‘ಸೀರೀಸ್ ಬಲ್ಬ್’ ಬಳಸುತ್ತಾರೆ. ರೇಡಿಯೋದ ಜೊತೆ ಸರಣಿಯಲ್ಲಿ 60 ಅಥವಾ 100 ವಾಟ್‌ನ ಹಳೆಯ ತಂತಿ ಬಲ್ಬ್ ಜೋಡಿಸುತ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಮುಂದೆ ಹೋಗಬಹುದು ಎಂದರ್ಥ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಇದನ್ನು ನೀವೇ ಮಾಡಿ ಎಂದು ನಾವು ಹೇಳುತ್ತಿಲ್ಲ. ವಾಲ್ವ್ ಸೆಟ್ಟಿನೊಳಗೆ 200–300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ನಲ್ಲಿ ಅದು ಉಳಿದಿರಬಹುದು. ಕೆಲವು ‘ಎಸಿ–ಡಿಸಿ’ ಮಾದರಿಯ ರೇಡಿಯೋಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ಕಬ್ಬಿಣದ ಚಾಸಿಯೇ ನೇರವಾಗಿ ಕರೆಂಟಿಗೆ ಸೇರಿರುತ್ತದೆ. ಮುಟ್ಟಿದರೆ ಜೀವಕ್ಕೇ ಅಪಾಯ. ಕೆಲಸ ಗೊತ್ತಿರುವವರ ಕೈಗೇ ಕೊಡಿ.

ಪೇಟೆಗಳಲ್ಲಿ ವಾಲ್ವ್ ಕಾಲದ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಈಗ ವಯಸ್ಸಾದವರು. ಅಂಥವರು ಪರಿಚಯವಿದ್ದರೆ ತಡಮಾಡಬೇಡಿ. ಮೈಕ್‌ಸೆಟ್, ಆಂಪ್ಲಿಫೈಯರ್ ರಿಪೇರಿ ಮಾಡುವವರಲ್ಲಿಯೂ ಈ ಕೆಲಸ ತಿಳಿದವರಿರುತ್ತಾರೆ. ಬಿಡಿಭಾಗ ಬೇಕಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಬಹುದು. ಕೊಡುವಾಗ ಮೂರು ಮಾತು ಹೇಳಿ: ಮೊದಲು ಕಂಡೆನ್ಸರ್ ಪರೀಕ್ಷಿಸಿ, ತೆಗೆದ ಭಾಗಗಳನ್ನು ನನಗೆ ವಾಪಸ್ ಕೊಡಿ, ಒಳಗಿನ ಬೋರ್ಡ್ ಕಿತ್ತು ಹೊಸ ಎಫ್‌ಎಂ ಕಿಟ್ ಕೂರಿಸಬೇಡಿ. ಕೊನೆಯದು ಅಗ್ಗದ ರಿಪೇರಿಯಂತೆ ಕಂಡರೂ ಅಲ್ಲಿಗೆ ಹಳೆ ರೇಡಿಯೋ ಬರೀ ಮರದ ಡಬ್ಬಿಯಾಗುತ್ತದೆ.

ನಮ್ಮೂರಿನ ಶತ್ರುಗಳು: ಥಂಡಿ, ಇಲಿ, ಸಿಡಿಲು

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸರಾಸರಿ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಆಟಿ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗದು. ಆ ಹವೆಯಲ್ಲಿ ಕಬ್ಬಿಣಕ್ಕೆ ತುಕ್ಕು, ಸ್ವಿಚ್‌ಗಳಿಗೆ ಕಿಲುಬು, ಟೇಪಿಗೆ ಬೂಷ್ಟು, ಸ್ಪೀಕರಿನ ಅಂಚಿನ ಫೋಮ್ ಪುಡಿಪುಡಿ. ಹಳೆಯ ಗ್ರಾಮಫೋನ್ ಪ್ಲೇಯರ್‌ಗಳ ‘ಕ್ರಿಸ್ಟಲ್’ ಪಿಕಪ್‌ನಲ್ಲಿ ರೋಶೆಲ್ ಉಪ್ಪು ಎಂಬ ಹರಳು ಇರುತ್ತದೆ. ಹೆಸರೇ ಹೇಳುವಂತೆ ಅದು ಒಂದು ಉಪ್ಪು. ಡಬ್ಬಿಯಲ್ಲಿಟ್ಟ ಉಪ್ಪು ಮಳೆಗಾಲದಲ್ಲಿ ನೀರೊಡೆಯುವುದನ್ನು ಕಂಡವರಿಗೆ ಈ ಪಿಕಪ್ ನಮ್ಮ ಕಡೆ ಯಾಕೆ ಬಾಳುವುದಿಲ್ಲ ಎಂದು ವಿವರಿಸಬೇಕಿಲ್ಲ. ಅದರ ಬದಲು ಸೆರಾಮಿಕ್ ಪಿಕಪ್ ಹಾಕಿಸಬಹುದು.

ಥಂಡಿ ಹೋಗಲೆಂದು ಪ್ಲೇಟು, ಕ್ಯಾಸೆಟ್‌ಗಳನ್ನು ಬಿಸಿಲಿಗೆ ಇಡುವವರಿದ್ದಾರೆ. ಅಡಿಕೆ ಒಣಗುತ್ತದೆ, ಎಲ್‌ಪಿ ಪ್ಲೇಟು ಹಪ್ಪಳದಂತೆ ಡೊಂಕಾಗುತ್ತದೆ. ಒಮ್ಮೆ ಡೊಂಕಾದರೆ ಸರಿಮಾಡುವುದು ಬಹಳ ಕಷ್ಟ. ಮುಚ್ಚುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು, ಪೊಟ್ಟಣವನ್ನು ಆಗಾಗ ಬದಲಿಸುವುದು ಒಳ್ಳೆಯದು. ಸೆಟ್ಟನ್ನು ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ಇಡಿ. ಹಿಂದಿನ ರಟ್ಟು ಕಳೆದುಹೋಗಿದ್ದರೆ ಹೊಸದು ಹಾಕಿಸಿ, ಇಲ್ಲದಿದ್ದರೆ ಇಲಿ ಸಂಸಾರ ಹೂಡುತ್ತದೆ. ರಿಪೇರಿಯಾದ ಸೆಟ್ಟನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸಿ. ಒಳಗಿನ ಬಿಸಿಯೇ ಥಂಡಿ ಓಡಿಸುತ್ತದೆ, ಕಂಡೆನ್ಸರ್‌ಗಳೂ ಗಟ್ಟಿ ಉಳಿಯುತ್ತವೆ.

ಸಿಡಿಲಿನ ವಿಷಯದಲ್ಲಿ ಯಾವ ಸ್ಟೆಬಿಲೈಸರನ್ನೂ ನಂಬಬೇಡಿ. ಮಳೆಗಾಲದ ಮೊದಲು ಮತ್ತು ಕೊನೆಗೆ ಗುಡುಗು ಜೋರು. ಮೋಡ ಕಟ್ಟುವಾಗಲೇ ಪ್ಲಗ್ ಕಿತ್ತಿಡಿ. ಮಾಡಿನ ಮೇಲೆ ಏರಿಯಲ್ ತಂತಿ ಕಟ್ಟಿದ್ದರೆ ಅದನ್ನೂ ಮೊದಲೇ ಬಿಡಿಸಿಡಿ. ಗುಡುಗು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ. ಬೇಸಿಗೆಯಲ್ಲಿ ತೋಟಗಳ ಪಂಪು ಓಡುವಾಗ ವೋಲ್ಟೇಜ್ ಇಳಿಯುವುದು, ಹೋದ ಕರೆಂಟು ಬರುವಾಗ ಏರುವುದು ನಮಗೆ ಹೊಸತಲ್ಲ. ಕರೆಂಟು ಹೋದ ಕೂಡಲೇ ಸೆಟ್ ಆಫ್ ಮಾಡುವ ಅಭ್ಯಾಸ ಇರಲಿ. ಹಳೆ ಸೆಟ್‌ಗಳ ಹಿಂದೆ ವೋಲ್ಟೇಜ್ ಆರಿಸುವ ಚಿಕ್ಕ ಸ್ವಿಚ್ ಅಥವಾ ಪಿನ್ ಇರಬಹುದು. ಅದು 110ರಲ್ಲಿದ್ದರೆ ನಮ್ಮ 230 ವೋಲ್ಟಿಗೆ ಸೆಟ್ ಸುಡುತ್ತದೆ.

ಪ್ಲೇಟು ತೊಳೆಯಲು ಸ್ಪಿರಿಟ್, ಗುಬ್ಬಿಗೆ ತೆಂಗಿನೆಣ್ಣೆ?

ಎರಡೂ ಬೇಡ. ಒಂದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಅರಗಿನವು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಮರಕ್ಕೆ ಹೊಡೆಯುವ ಪಾಲಿಶ್ ಮಾಡುವುದೇ ಹಾಗೆ. ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದರೆ ಹಾಡೇ ಅಳಿಸಿಹೋಗುತ್ತದೆ. ಶುದ್ಧ ನೀರಿಗೆ ಒಂದು ಹನಿ ಸೌಮ್ಯ ಸೋಪು ಹಾಕಿ, ಮೆತ್ತನೆ ಬಟ್ಟೆಯಿಂದ ಗೆರೆಗಳ ದಿಕ್ಕಿನಲ್ಲೇ ಒರೆಸಿ, ನಡುವಿನ ಲೇಬಲ್ ನೆನೆಯದಂತೆ ನೋಡಿ, ನೆರಳಲ್ಲಿ ಒಣಗಿಸಿ. ಎಲ್‌ಪಿಗೂ ಇದೇ ಸಾಕು.

ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ತೆಂಗಿನೆಣ್ಣೆ, ಸೀಮೆಎಣ್ಣೆ ಬಿಡಬೇಡಿ. ಅದಕ್ಕೆ ಧೂಳು ಅಂಟಿ ಇನ್ನಷ್ಟು ಕೆಡುತ್ತದೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ‘ಕಾಂಟ್ಯಾಕ್ಟ್ ಕ್ಲೀನರ್’ ಸ್ಪ್ರೇ ಸಿಗುತ್ತದೆ.

ಎಲ್‌ಪಿಯ ಮುಳ್ಳಿನಲ್ಲಿ 78ರ ಪ್ಲೇಟು ನುಡಿಸಬೇಡಿ. 78ರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳು ಬೇರೆಯೇ ಇದೆ. ಸವೆದ ಮುಳ್ಳು ಪ್ಲೇಟನ್ನು ಪ್ರತಿ ಸಲ ಕೆತ್ತಿ ಹಾಳು ಮಾಡುತ್ತದೆ. ಹಾಗಾಗಿ ಪ್ಲೇಯರ್ ರಿಪೇರಿಯಲ್ಲಿ ಮೊದಲ ಖರ್ಚು ಮುಳ್ಳಿಗೆ ಇರಲಿ. ಹಾಡು ಎಳೆದಂತೆ ಕೇಳಿಸಿದರೆ ರಬ್ಬರ್ ಬೆಲ್ಟ್ ಅಥವಾ ಚಕ್ರ ಸಡಿಲವಾಗಿದೆ. ಪರೀಕ್ಷೆ ಸುಲಭ: ಪ್ಲೇಟಿನ ಲೇಬಲ್ ಮೇಲೆ ಕಾಗದದ ಚೂರು ಅಂಟಿಸಿ ಎಣಿಸಿ. ಎಲ್‌ಪಿ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ತಿರುಗಬೇಕು.

ಕ್ಯಾಸೆಟ್ ದನಿ ಮೊಬೈಲಿಗೆ ಬರಿಸುವುದು ಹೇಗೆ?

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ನೇರವಾಗಿ ಹಾಕಬೇಡಿ. ಹೆಡ್ ಕೊಳೆಯಾಗುತ್ತದೆ, ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಕ್ಯಾಸೆಟ್‌ಗೆ ಸ್ಕ್ರೂ ಇದ್ದರೆ ಬಿಚ್ಚಿ, ಸುರುಳಿಗಳನ್ನು ಚೆನ್ನಾಗಿರುವ ಇನ್ನೊಂದು ಡಬ್ಬಿಗೆ ಸೇರಿಸಬಹುದು. ಟೇಪ್ ಒತ್ತಿ ಹಿಡಿಯುವ ಚಿಕ್ಕ ಸ್ಪಂಜು ಬಿದ್ದುಹೋಗಿದ್ದರೆ ದನಿ ಕ್ಷೀಣವಾಗುತ್ತದೆ. ದನಿಯೇ ಅಳಿಸಿದೆ ಎಂದುಕೊಂಡು ಎಸೆಯಬೇಡಿ.

ಮೊದಲು ಹೆಡ್ ಮತ್ತು ರಬ್ಬರ್ ಚಕ್ರ ಶುಚಿ ಮಾಡಿಸಿ. ಕ್ಯಾಸೆಟ್‌ನ ಹಿಂಬದಿಯ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಸುವುದಿಲ್ಲ. ಬೆಲೆಬಾಳುವ ಕ್ಯಾಸೆಟ್ಟಿಗೆ ಮೊದಲು ಹಾಡಿನ ಸಾಮಾನ್ಯ ಕ್ಯಾಸೆಟ್ ಹಾಕಿ ಯಂತ್ರ ಟೇಪ್ ನುಂಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಟೇಪ್ ರೆಕಾರ್ಡರ್‌ನ ‘ಲೈನ್ ಔಟ್’ನಿಂದ ಕಂಪ್ಯೂಟರ್‌ಗೆ ತಂತಿ ಜೋಡಿಸಿ. ಸ್ಪೀಕರ್ ಮುಂದೆ ಫೋನ್ ಹಿಡಿದು ರೆಕಾರ್ಡ್ ಮಾಡಿದರೆ ಫ್ಯಾನಿನ ಸದ್ದು, ಹೊರಗಿನ ಮಳೆ ಎಲ್ಲ ಸೇರುತ್ತದೆ. 90 ನಿಮಿಷದ ಒಂದು ಕ್ಯಾಸೆಟ್ ಸಿಡಿ ಗುಣಮಟ್ಟದ ವೇವ್ ಫೈಲಿನಲ್ಲಿ ಸುಮಾರು 950 ಎಂಬಿ ಆಗುತ್ತದೆ. ಎರಡು ಕಡೆ ಪ್ರತಿ ಇಡಿ. ಯಾವ ಪ್ರಸಂಗ, ಯಾವ ಊರು, ಯಾರ ಅರ್ಥ ಎಂದು ಫೈಲಿನ ಹೆಸರಿನಲ್ಲೇ ಬರೆಯಿರಿ. ದನಿ ಗುರುತಿಸುವ ಹಿರಿಯರು ಮನೆಯಲ್ಲಿದ್ದರೆ ಈಗಲೇ ಕೂರಿಸಿ ಕೇಳಿಸಿ.

ಕ್ಯಾಸೆಟ್‌ಗಳನ್ನು ಸ್ಪೀಕರ್ ಮೇಲೆ ಪೇರಿಸಿಡಬೇಡಿ. ಸ್ಪೀಕರಿನ ಅಯಸ್ಕಾಂತ ಟೇಪಿನ ದನಿಗೆ ಕುತ್ತು.

“ಪ್ಲೇಟಿನ ದನಿಗೆ ಸಿಡಿ, ಮೊಬೈಲ್ ಸಮವಲ್ಲ” – ನಿಜವೇ?

ಇದು ಅರ್ಧ ನಿಜ. ಅಳತೆಯಲ್ಲಿ ಸಿಡಿಯೇ ಮುಂದು. ಅತಿ ಮೆಲ್ಲನೆಯ ದನಿಯಿಂದ ಅತಿ ಜೋರಿನ ದನಿಯವರೆಗಿನ ಅಂತರ ಸಿಡಿಯಲ್ಲಿ ಸುಮಾರು 96 ಡೆಸಿಬೆಲ್, ಎಲ್‌ಪಿಯಲ್ಲಿ ಒಳ್ಳೆಯ ಪ್ಲೇಟಿಗೂ ಸುಮಾರು 70. ವಾಲ್ವ್ ಸೆಟ್ಟಿನ ಬೆಚ್ಚನೆಯ ದನಿ ಎಂದು ನಾವು ಮೆಚ್ಚುವುದರಲ್ಲಿ ವಾಲ್ವ್ ಸೇರಿಸುವ ಚೂರು ವ್ಯತ್ಯಾಸ ಇದೆ, ಮರದ ಪೆಟ್ಟಿಗೆಯ ಗುಣ ಇದೆ, ಕೀಚಲು ದನಿಗಳನ್ನು ಕತ್ತರಿಸುವ ಸ್ಪೀಕರ್ ಇದೆ. ಅದು ಹೆಚ್ಚು ನಿಖರವಲ್ಲ, ಆದರೆ ಕಿವಿಗೆ ಹಿತ. ಹಿತ ಅನ್ನಿಸುವುದು ಸುಳ್ಳಲ್ಲ. ಅದಕ್ಕೆ ವಿಜ್ಞಾನದ ಹೆಸರಿನಲ್ಲಿ ಸಾವಿರಾರು ರೂಪಾಯಿಯ ‘ವಿಶೇಷ’ ತಂತಿ ಮಾರುವುದು ಮಾತ್ರ ಸುಳ್ಳು. ಮನೆಯ ಸ್ಪೀಕರಿಗೆ ಸಾಕಷ್ಟು ದಪ್ಪದ ಸಾಮಾನ್ಯ ತಾಮ್ರದ ತಂತಿ ಸಾಕು.

ಇನ್ನೊಂದು ನೆನಪಿರಬಹುದು: ಟೇಪ್ ರೆಕಾರ್ಡರ್‌ಗಳ ಮೈಮೇಲೆ ದೊಡ್ಡದಾಗಿ ಬರೆದಿರುತ್ತಿದ್ದ ‘1000 ವಾಟ್ ಪಿಎಂಪಿಒ’. ಅದೇ ಸೆಟ್ಟಿನ ಹಿಂಬದಿ ನೋಡಿ. ಗೋಡೆಯಿಂದ ಎಳೆಯುವ ವಿದ್ಯುತ್ 20–30 ವಾಟ್ ಎಂದು ಚಿಕ್ಕ ಅಕ್ಷರದಲ್ಲಿರುತ್ತದೆ. ಕೊಡ ನೀರು ಹಿಡಿಯುವ ಪಾತ್ರೆಯಿಂದ ಬಾವಿ ತುಂಬಿಸಲಾಗದು. ಹಳೆ ವಾಲ್ವ್ ರೇಡಿಯೋದ ದನಿ ಬರೀ ಮೂರು–ನಾಲ್ಕು ವಾಟ್. ಅದು ಚಾವಡಿ ತುಂಬಿ ಅಂಗಳಕ್ಕೂ ಕೇಳಿಸುತ್ತಿತ್ತು. ದನಿ ನಮಗೆ ಇಮ್ಮಡಿ ಅನ್ನಿಸಬೇಕಾದರೆ ವಾಟ್ ಸುಮಾರು ಹತ್ತು ಪಟ್ಟು ಆಗಬೇಕು. ಹಾಗಾಗಿ 20 ವಾಟ್, 30 ವಾಟ್ ಎಂಬ ಚರ್ಚೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ರಿಪೇರಿಯಾದ ರೇಡಿಯೋದಲ್ಲಿ ಈಗ ಏನು ಕೇಳುವುದು?

ಹೆಚ್ಚಿನ ಹಳೆ ಸೆಟ್‌ಗಳಲ್ಲಿ ಇರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್, ಎಫ್‌ಎಂ ಅಲ್ಲ. 1976ರಲ್ಲಿ ಆಕಾಶವಾಣಿಯ ಮಂಗಳೂರು ಕೇಂದ್ರ ಶುರುವಾದ ಮೇಲೆ ಈ ಕಡೆಯ ಮನೆಗಳಲ್ಲಿ ಯಕ್ಷಗಾನ ಕೇಳಿಸಿದ್ದು ಇಂಥ ಸೆಟ್‌ಗಳಲ್ಲೇ. ಮೀಡಿಯಂ ವೇವ್‌ನಲ್ಲಿ ರಾತ್ರಿ ದೂರದ ಸ್ಟೇಷನ್‌ಗಳು ಸಿಗುತ್ತವೆ, ಏಕೆಂದರೆ ಆಗ ಮೇಲಿನ ವಾಯುಮಂಡಲದಿಂದ ಅಲೆಗಳು ಪ್ರತಿಫಲಿಸಿ ದೂರ ತಲುಪುತ್ತವೆ. ಬರೀ ಗರಗರ ಬಂದರೆ ರೇಡಿಯೋ ಕೆಟ್ಟಿದೆ ಎಂದುಕೊಳ್ಳಬೇಡಿ. ಮೊದಲು ಹತ್ತಿರದ ಮೊಬೈಲ್ ಚಾರ್ಜರ್ ಕಿತ್ತು, ಎಲ್‌ಇಡಿ ಬಲ್ಬ್ ಆರಿಸಿ ನೋಡಿ.

ಬಹಳಷ್ಟು ಸೆಟ್‌ಗಳ ಹಿಂದೆ ಗ್ರಾಮಫೋನ್ ಜೋಡಿಸುವ ಸಾಕೆಟ್ ಇರುತ್ತದೆ. ಅದಕ್ಕೆ ಫೋನಿನ ದನಿ ಕೊಡಬಹುದು. ಅಜ್ಜನ ಕ್ಯಾಸೆಟ್ಟಿನಿಂದ ಇಳಿಸಿದ ತಾಳಮದ್ದಳೆಯನ್ನು ಅಜ್ಜನ ರೇಡಿಯೋದಲ್ಲೇ ಕೇಳಬಹುದು. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ–ಡಿಸಿ ಸೆಟ್ಟಿಗೆ ಮಾತ್ರ ಫೋನ್ ಜೋಡಿಸಲೇಬಾರದು. ಯಾವ ಸೆಟ್ ಎಂದು ಮೆಕ್ಯಾನಿಕ್ ಹತ್ತಿರ ಕೇಳಿಯೇ ಮುಂದುವರಿಯಿರಿ.

ಫಾರ್ವರ್ಡ್ ಮಾಡುವ ಮುನ್ನ

ಹಳೆ ರೇಡಿಯೋಗೆ ಕೋಟಿ ಸಿಗುವುದಿಲ್ಲ. ಸಂಗ್ರಾಹಕರು ಚೆನ್ನಾಗಿ ನುಡಿಯುವ ಸೆಟ್ಟಿಗೆ ನ್ಯಾಯವಾದ ಬೆಲೆ ಕೊಡುತ್ತಾರೆ. ಆ ಬೆಲೆ ಸೆಟ್ಟಿನ ಸ್ಥಿತಿಗೆ, ಒಳಗಿನ ಯಾವ ದ್ರವಕ್ಕೂ ಅಲ್ಲ.

ಮುಂದಿನ ಸಲ ‘ಕೆಂಪು ಪಾದರಸ’ದ ಸಂದೇಶ ಬಂದರೆ ಕಳಿಸಿದವರ ಮೇಲೆ ರೇಗಬೇಡಿ. ಅವರೂ ನಂಬಿಯೇ ಕಳಿಸಿರುತ್ತಾರೆ. ಇದನ್ನು ಅವರಿಗೆ ಕಳಿಸಿ, ಜೊತೆಗೆ ಒಂದು ಪ್ರಶ್ನೆ ಕೇಳಿ: “ನಿಮ್ಮ ಅಟ್ಟದ ಮೇಲೆ ಹಳೆ ಕ್ಯಾಸೆಟ್ ಏನಾದರೂ ಉಂಟಾ?” ಈ ಮಳೆಗಾಲಕ್ಕೆ ಮೊದಲು ಅದನ್ನು ಕೆಳಗಿಳಿಸಿದರೆ, ಒಂದು ದನಿಯಾದರೂ ಉಳಿಯಬಹುದು.